ಮಗು ದೂರವಿದ್ದಾಗ ತಾಯಿಯ ಎದೆಹಾಲು

ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಆಗಾಗ ಕಾಣಬರುವ ಸನ್ನಿವೇಶವೊಂದಿದೆ. ತವರಿನಲ್ಲಿ ಯಾರಿಗೋ ಕಾಯಿಲೆಯೆಂಬ ಸುದ್ದಿ ಬರುತ್ತದೆ. ಇನ್ನೂ ಮೊಲೆಹಾಲು ಬಿಡದ ಒಂದೂವರೆ ವರ್ಷದ ಮಗುವನ್ನು ಅತ್ತೆಯ ವಶಕ್ಕೆ ಒಪ್ಪಿಸಿ ತಾಯಿಯು ಕೊಂಕಣ ರೈಲನ್ನೇರುತ್ತಾಳೆ. ರೈಲು ರತ್ನಾಗಿರಿಯನ್ನು ದಾಟುವಷ್ಟರಲ್ಲಿ ಎದೆ ಕಲ್ಲಿನಂತೆ ಬಿಗಿಯುತ್ತದೆ, ರವಿಕೆ ತೋಯುತ್ತದೆ, ನಿದ್ರೆ ದೂರವಾಗುತ್ತದೆ. ಮನೆಯಲ್ಲಿ ಉಳಿದ ಮಗು ಉಂಡಿತೇ ಎಂದು ಎಲ್ಲರೂ ವಿಚಾರಿಸುತ್ತಾರೆ. ತಾಯಿಯ ನೋವನ್ನು ಕೇಳುವವರಿಲ್ಲ. ಹೇಳಿಕೊಳ್ಳಲು ಆಕೆಗೂ ಸಂಕೋಚ. ಈ ಸಂಕೋಚದಿಂದಲೇ ಸುಲಭವಾಗಿ ಶಮನವಾಗಬಹುದಾದ ಬಿಗಿತವು ಒಮ್ಮೊಮ್ಮೆ ಬಾವಾಗಿ, ಕೀವಾಗಿ ಪರಿಣಮಿಸುತ್ತದೆ.

ಬಿಗಿತಕ್ಕೆ ಕಾರಣವೇನು?

ಮಗು ಮೊಲೆಯನ್ನು ಚೀಪಿದಾಗ ತಾಯಿಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಎಂಬುದು ಹಾಲನ್ನು ಹೊರಕ್ಕೆ ತಳ್ಳುತ್ತದೆ. ಬೇರೊಂದು ಮಗುವಿನ ಅಳುವನ್ನು ಕೇಳಿದೊಡನೆ ಹಾಲು ಸೋರುವುದು ಈ ಎರಡನೆಯದರ ಪ್ರಭಾವದಿಂದಲೇ. ಮಗು ಹತ್ತಿರವಿಲ್ಲವೆಂಬ ಸಂಗತಿ ಎದೆಗೆ ತಕ್ಷಣ ತಿಳಿಯದು. ಅದು ವಾಡಿಕೆಯ ಹೊತ್ತಿಗೆ ಹಾಲನ್ನು ತುಂಬುತ್ತಲೇ ಇರುತ್ತದೆ. ಹಾಲು ಹೊರಬರದೆ ನಿಂತರೆ ಆ ಒತ್ತಡವೇ ಕ್ರಮೇಣ ಉತ್ಪತ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದ ಪೂರ್ತಿ ಬರಿದು ಮಾಡಿದಷ್ಟೂ ಹಾಲು ಹೆಚ್ಚುತ್ತದೆ. ಒಂದಿಷ್ಟೂ ತೆಗೆಯದೆ ಸಹಿಸಿದರೆ ನೋವೂ ಬಾವೂ ಬರುವ ಭಯವಿದೆ. ಇವೆರಡರ ನಡುವಿನ ಹಾದಿಯೇ ಸರಿಯಾದುದು.

ಎಷ್ಟು ತೆಗೆಯಬೇಕು, ಹೇಗೆ ತೆಗೆಯಬೇಕು?

ಅಗಲಿಕೆ ಒಂದೆರಡು ದಿನದ್ದಾದರೆ, ಎದೆ ಬಿಗಿದಾಗಲೆಲ್ಲ ನೋವು ತಗ್ಗುವಷ್ಟು ಮಾತ್ರ ಹಾಲನ್ನು ಹಿಂಡಿ ತೆಗೆದರೆ ಸಾಕು. ಅಗಲಿಕೆ ದೀರ್ಘವಾಗಿದ್ದು, ಮರಳಿದ ಬಳಿಕ ಹಾಲೂಡಿಸುವ ಇಚ್ಛೆಯಿದ್ದರೆ, ಮಗು ದಿನಕ್ಕೆ ಎಷ್ಟು ಬಾರಿ ಕುಡಿಯುತ್ತಿತ್ತೋ ಅಷ್ಟು ಬಾರಿ ತೆಗೆಯಬೇಕು. ಈ ವಯಸ್ಸಿನ ಅನೇಕ ಮಕ್ಕಳು ಬೆಳಗ್ಗೆ ಮತ್ತು ರಾತ್ರಿ ಮಾತ್ರ ಕುಡಿಯುವುದರಿಂದ ಇದೇನೂ ಭಾರವಾಗದು.

ಇದಕ್ಕೆ ಪಂಪೇ ಬೇಕೆಂದಿಲ್ಲ. ಕೈಗಳನ್ನು ಸೋಪಿನಿಂದ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಎದೆಯ ಮೇಲಿಡಬೇಕು. ಹೆಬ್ಬೆರಳನ್ನು ತೊಟ್ಟಿನ ಮೇಲ್ಭಾಗದಲ್ಲಿಯೂ ತೋರುಬೆರಳನ್ನು ಕೆಳಭಾಗದಲ್ಲಿಯೂ, ಕಪ್ಪು ವರ್ತುಲದ ಅಂಚಿನ ಹಿಂದಿಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಅನಂತರ ಬೆರಳುಗಳನ್ನು ಪರಸ್ಪರ ಒತ್ತಿ ಬಿಡಬೇಕು. ತೊಟ್ಟನ್ನೇ ಎಳೆಯಬಾರದು, ಚರ್ಮದ ಮೇಲೆ ಬೆರಳನ್ನು ಉಜ್ಜಬಾರದು. ತೆಗೆದಾದ ಮೇಲೆ ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ನಿಮಿಷ ಇಟ್ಟರೆ ಊತ ತಗ್ಗುತ್ತದೆ. ಗಡ್ಡೆ ಕರಗಲೆಂದು ಬಲವಾಗಿ ತಿಕ್ಕುವುದು ಹಾನಿಕರ. ಅದರಿಂದ ಒಳಗಿನ ಊತ ಹೆಚ್ಚುತ್ತದೆ. ಬಿಗಿಯಾದ ರವಿಕೆಯನ್ನು ತೊಡುವುದೂ, ಹಾಲು ಕಡಿಮೆಯಾಗಲೆಂದು ನೀರು ಕುಡಿಯದಿರುವುದೂ ತಪ್ಪು.

ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಹೂವನ್ನು ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊಸದಾಗಿ ಹೆತ್ತ ತಾಯಂದಿರಲ್ಲಿ ಇದರಿಂದ ಹಾಲು ಕುಗ್ಗಿತೆಂದು ತಿಳಿಸಿತು. ಆದುದರಿಂದಲೇ, ಮರಳಿ ಹಾಲೂಡಿಸಲು ಬಯಸುವವಳು ಇದಕ್ಕೆ ಕೈಹಾಕದಿರುವುದು ಲೇಸು.

ದುಡಿಯುವ ತಾಯಿ

ಡೊಂಬಿವಲಿಯಿಂದಲೋ ವಿರಾರಿನಿಂದಲೋ ಕೋಟೆ ಪ್ರದೇಶದ ಕಚೇರಿಗೆ ಬರುವ ತಾಯಿಗೆ ಇಂಥ ಅಗಲಿಕೆ ದಿನವೂ ಇದ್ದದ್ದೇ. ಮನೆ ಬಿಡುವ ಮುನ್ನ ಮತ್ತು ಮನೆ ಸೇರಿದೊಡನೆ ಹಾಲೂಡಿಸಿ, ನಡುಹಗಲಿನಲ್ಲಿ ಒಮ್ಮೆ ಹಾಲು ತೆಗೆದರೆ ಹಲವರಿಗೆ ಸಾಕಾಗುತ್ತದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವನ್ನು 1961ರ ಹೆರಿಗೆ ಸೌಲಭ್ಯ ಕಾಯಿದೆಯೇ ಕೊಟ್ಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದುಬಂದಿದೆ. ಇದು ಯಾರೋ ತೋರುವ ದಯೆಯಲ್ಲ, ಹಕ್ಕು. ಶುಚಿಯಾದ ಪಾತ್ರೆಯಲ್ಲಿ ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡದೆ ಉಳಿಯುತ್ತದೆ. ಮುಂಬಯಿಯ ಸೆಕೆಯಲ್ಲಿ ಅದನ್ನು ಆದಷ್ಟು ಬೇಗ ತಂಪಿನಲ್ಲಿಡುವುದು ಕ್ಷೇಮ.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆಯ ಒಂದು ಭಾಗ ಕೆಂಪಗಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯುತ್ತಿದ್ದು, ಚಳಿಜ್ವರವೂ ಬಂದರೆ ಅದು ಉರಿಯೂತದ ಲಕ್ಷಣ. ಮೇಲಿನ ಉಪಚಾರದಿಂದ 24 ಗಂಟೆಯೊಳಗೆ ಇಳಿಮುಖವಾಗದಿದ್ದರೆ, ಅಥವಾ ಆಯಾಸ ಹೆಚ್ಚುತ್ತಿದ್ದರೆ ಇನ್ನೂ ಮೊದಲೇ, ವೈದ್ಯರನ್ನು ಕಾಣಬೇಕು. ಆಗಲೂ ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಅದರಿಂದ ಮಗುವಿಗೆ ಅಪಾಯವಿಲ್ಲ. ಬಾವು ಇಳಿದ ಮೇಲೂ ಗಂಟು ಉಳಿದರೆ ಪರೀಕ್ಷೆ ಮಾಡಿಸಲೇಬೇಕು.

ಮರಳಿ ಬಂದಾಗ

ದಿನಗಟ್ಟಲೆ ಎದೆಯಲ್ಲಿ ನಿಂತ ಹಾಲು ಕೆಟ್ಟುಹೋಗುತ್ತದೆ, ಮಗುವಿಗೆ ಕೊಡಬಾರದು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ನಿಜವಲ್ಲ. ಎದೆಯೊಳಗಿನ ಹಾಲು ಪಾತ್ರೆಯಲ್ಲಿಟ್ಟ ಹಾಲಿನಂತೆ ಹುಳಿಯುವುದಿಲ್ಲ. ರುಚಿ ತುಸು ಉಪ್ಪಾಗಿರಬಹುದು, ಅಷ್ಟೆ. ಹಿಂಡಿ ತೆಗೆದ ಹಾಲನ್ನು ಕೀಳಾಗಿ ಕಾಣುವವರು ಇದೇ ನಗರದ ಸಯನ್ ಆಸ್ಪತ್ರೆಯನ್ನು ನೆನೆಯಬೇಕು. ಡಾ. ಅರ್ಮಿಡಾ ಫರ್ನಾಂಡಿಸ್ ಅವರ ಪರಿಶ್ರಮದಿಂದ 1989ರಲ್ಲಿ ಅಲ್ಲಿ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಪರೀಕ್ಷೆಗೊಳಗಾದ ತಾಯಂದಿರು ದಾನವಿತ್ತ ಹಾಲನ್ನು ಇಂಥ ಬ್ಯಾಂಕುಗಳಲ್ಲಿ 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಉಣಿಸಲಾಗುತ್ತದೆ.

ಮಗುವಿಗೆ ಎರಡು ವರ್ಷ ತುಂಬುವವರೆಗೆ, ಇಷ್ಟವಿದ್ದರೆ ಅನಂತರವೂ, ಇತರ ಆಹಾರದೊಡನೆ ಎದೆಹಾಲನ್ನು ಮುಂದುವರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕೆಲವು ದಿನಗಳ ಅಗಲಿಕೆಯಿಂದ ಅದು ಮುಗಿದೇ ಹೋಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಮರಳಿದ ತಾಯಿಯನ್ನು ಕಂಡು ಮಗು ಮೊದಲು ಮುಖ ತಿರುಗಿಸಬಹುದು, ಇಲ್ಲವೆ ಮಡಿಲು ಬಿಡದೆ ಅಂಟಿಕೊಳ್ಳಬಹುದು, ಎರಡೂ ಸಹಜ. ಬಲವಂತ ಬೇಡ, ತಾಳ್ಮೆಯಿರಲಿ. ಊರಿಗೆ ಹೊರಟ ಸೊಸೆಯ ಚೀಲದಲ್ಲಿ ಬುತ್ತಿಯ ಜೊತೆಗೆ ಎರಡು ಮೆತ್ತನೆಯ ಬಟ್ಟೆಗಳನ್ನೂ ಇಟ್ಟು, “ಎದೆ ಬಿಗಿದರೆ ಸ್ವಲ್ಪ ಹಾಲು ತೆಗೆ, ಸಹಿಸಿಕೊಂಡು ಕೂರಬೇಡ” ಎಂದು ಅತ್ತೆಯೇ ಹೇಳಿ ಕಳಿಸಿದರೆ, ಅರ್ಧ ಔಷಧ ಅಲ್ಲಿಯೇ ದೊರೆತಂತೆ.