ಬೆಸುಗೆ ಕಲಿಕೆ: ಗುಜರಿಯೇ ಪಾಠಶಾಲೆ, ಸುತ್ತಿಗೆಯೇ ಪರೀಕ್ಷಕ

ಚಿತ್ರದುರ್ಗ: ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಇಂಥ ಜಿಲ್ಲೆಯಲ್ಲಿ ರೈತನ ಭರವಸೆ ಕೊಳವೆಬಾವಿ. ಕೊರೆದ ಬಾವಿಗಳಲ್ಲಿ ಎಲ್ಲಕ್ಕೂ ನೀರು ಬರುವುದಿಲ್ಲ. ಬಾರದವು ಹೊಲದ ನಡುವೆ ಬಾಯಿ ತೆರೆದು ನಿಲ್ಲುತ್ತವೆ.

ತೆರೆದ ಬಾವಿಗಳ ಅಪಾಯ ರಾಜ್ಯಕ್ಕೆ ಹೊಸದಲ್ಲ. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕಿ ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗುವನ್ನು ಜೀವಂತವಾಗಿ ಹೊರತೆಗೆಯಲಾಯಿತು. ಸುಪ್ರೀಂ ಕೋರ್ಟ್ 2010ರಲ್ಲೇ ನೀಡಿದ ಮಾರ್ಗಸೂಚಿ ಸ್ಪಷ್ಟವಾಗಿದೆ: ಬಾವಿಯ ಬಾಯಿಗೆ ಉಕ್ಕಿನ ತಟ್ಟೆಯನ್ನು ಬೆಸೆಯಬೇಕು, ಇಲ್ಲವೇ ಬೋಲ್ಟು-ನಟ್ಟುಗಳಿಂದ ಗಟ್ಟಿ ಮುಚ್ಚಳ ಹಾಕಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು.

ಕಬ್ಬಿಣದ ಕೇಸಿಂಗ್ ಪೈಪಿಗೆ ತಟ್ಟೆ ಬೆಸೆಯುವುದು ಅರ್ಧ ಗಂಟೆಯ ಕೆಲಸ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಒಳಹಳ್ಳಿಗಳಿಂದ ಪೇಟೆಯ ವರ್ಕ್‌ಶಾಪಿನವರನ್ನು ಹೊಲಕ್ಕೆ ಕರೆತರುವುದು ಅಷ್ಟು ಸುಲಭವಲ್ಲ. ಬೆಸುಗೆಯನ್ನು ಸ್ವಂತವಾಗಿ ಕಲಿಯುವವರ ಹವ್ಯಾಸಕ್ಕೆ ಅರ್ಥ ಬರುವುದು ಇಲ್ಲಿಯೇ.

ಕುಲುಮೆಯಿಂದ ಇನ್ವರ್ಟರ್‌ವರೆಗೆ

ಕಬ್ಬಿಣ ಕೂಡಿಸುವ ವಿದ್ಯೆ ಈ ನೆಲಕ್ಕೆ ಅಪರಿಚಿತವಲ್ಲ. ಹೊಳಲ್ಕೆರೆ, ಹೊಸದುರ್ಗದ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ. ಕಮ್ಮಾರರು ಬಂಡಿಚಕ್ರದ ಪಟ್ಟಾದ ಎರಡು ತುದಿಗಳನ್ನು ಚೆನ್ನಾಗಿ ಕಾಯಿಸಿ, ಬಡಿದು ಒಂದಾಗಿಸುತ್ತಿದ್ದರು. ಆ ವಿದ್ಯೆಗೆ ಕುಲುಮೆಯ ಮುಂದೆ ವರ್ಷಗಟ್ಟಲೆ ಕೂರಬೇಕಿತ್ತು.

ವಿದ್ಯುತ್ ಬೆಸುಗೆ ಬಂದ ಮೇಲೂ ಭಾರವಾದ ಟ್ರಾನ್ಸ್‌ಫಾರ್ಮರ್ ಯಂತ್ರ ವರ್ಕ್‌ಶಾಪ್ ಬಿಟ್ಟು ಕದಲುತ್ತಿರಲಿಲ್ಲ. ಒಂದೇ ಕೈಯಲ್ಲಿ ಎತ್ತಬಹುದಾದ ಇನ್ವರ್ಟರ್ ಯಂತ್ರಗಳು ಬಂದ ಬಳಿಕ ಚಿತ್ರಣ ಬದಲಾಗಿದೆ. ರೈತರು, ಶಿಕ್ಷಕರು, ನಿವೃತ್ತ ನೌಕರರು ಕೂಡ ಮನೆಯಲ್ಲೇ ಗೇಟು, ಹೂಕುಂಡದ ಸ್ಟ್ಯಾಂಡು, ಈರುಳ್ಳಿ ಹೊಲಕ್ಕೆ ಹಳೆಯ ಸೈಕಲ್ ಚಕ್ರದ ಕುಂಟೆ ಮಾಡಿಕೊಳ್ಳಬಹುದಾಗಿದೆ.

ಕಬ್ಬಿಣ ಕೂಡುವುದು ಹೇಗೆ?

ವೆಲ್ಡಿಂಗ್ ರಾಡಿನ ತುದಿ ಮತ್ತು ಕಬ್ಬಿಣದ ನಡುವಿನ ಕಿರು ಅಂತರದಲ್ಲಿ ವಿದ್ಯುತ್ ಕಿಡಿ ನಿರಂತರವಾಗಿ ಉರಿಯುತ್ತದೆ. ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಕರಗುತ್ತದೆ. ಕಿಡಿಯ ಶಾಖ ಅದಕ್ಕಿಂತ ಬಹಳ ಹೆಚ್ಚು. ಎರಡು ತುಂಡುಗಳ ಅಂಚು ಮತ್ತು ರಾಡು ಒಟ್ಟಿಗೆ ಕರಗಿ, ಒಂದೇ ಕೊಳವಾಗಿ ಹೆಪ್ಪುಗಟ್ಟುತ್ತವೆ. ರಾಡಿನ ಮೇಲಿನ ಲೇಪನ ಉರಿದು ಗಾಳಿಯನ್ನು ದೂರವಿಡುವ ಅನಿಲವನ್ನೂ, ಬೆಸುಗೆಯ ಮೇಲೆ ಹೊದಿಕೆಯಂತೆ ನಿಲ್ಲುವ ಕಿಟ್ಟವನ್ನೂ ಕೊಡುತ್ತದೆ. ರಾಡು ತೇವಗೊಂಡಿದ್ದರೆ ಬೆಸುಗೆಯಲ್ಲಿ ರಂಧ್ರಗಳು ಏಳುತ್ತವೆ.

ಹೊಸಬರು ಎಡವುವುದು ಮೂರು ಕಡೆ: ಕರೆಂಟು, ಅಂತರ, ವೇಗ. ಸಾಮಾನ್ಯ 6013 ರಾಡು 2.5 ಮಿ.ಮೀ. ಇದ್ದರೆ ಸುಮಾರು 60ರಿಂದ 90 ಆಂಪಿಯರ್, 3.15 ಮಿ.ಮೀ. ಇದ್ದರೆ 90ರಿಂದ 130 ಆಂಪಿಯರ್ ಬೇಕು. ಕಡಿಮೆಯಾದರೆ ರಾಡು ಅಂಟಿಕೊಳ್ಳುತ್ತದೆ. ಹೆಚ್ಚಾದರೆ ತೆಳು ತಗಡು ತೂತಾಗುತ್ತದೆ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಅಂತರವಿರಬೇಕು. ಕಣ್ಣು ಉರಿಯುವ ಬೆಳಕಿನ ಮೇಲಿರದೆ, ಹಿಂದೆ ಕರಗಿ ನಿಂತ ಕೊಳದ ಮೇಲಿದ್ದರೆ ವೇಗ ತಾನಾಗಿ ಹಿಡಿತಕ್ಕೆ ಬರುತ್ತದೆ.

ಅಭ್ಯಾಸಕ್ಕೆ ಗುಜರಿ ಅಂಗಡಿಯ 5-6 ಮಿ.ಮೀ. ದಪ್ಪದ ಪಟ್ಟಿಗಳು ಸಾಕು. ತುಕ್ಕು, ಬಣ್ಣ ಉಜ್ಜಿ ತೆಗೆದು, ಮೊದಲು ಒಂದೇ ಪಟ್ಟಿಯ ಮೇಲೆ ನೇರ ಗೆರೆ ಎಳೆಯುವುದನ್ನು ಕಲಿಯಬೇಕು. ಎರಡು ಪಟ್ಟಿಗಳ ಜೋಡಣೆ ಆಮೇಲಿನದು.

ನೋಟಕ್ಕೆ ಮೋಸ ಹೋಗಬಾರದು

ಸ್ವಯಂ ಕಲಿಕೆಯ ದೊಡ್ಡ ಕೊರತೆ ತಪ್ಪು ತೋರಿಸುವವರಿಲ್ಲದಿರುವುದು. ಹೊರಗೆ ನಯವಾಗಿ ಕಾಣುವ ಬೆಸುಗೆ ಒಳಗೆ ಬರಿದೆ ಅಂಟಿಕೊಂಡಿರಬಹುದು. ಇದಕ್ಕೆ ಸರಳ ಪರೀಕ್ಷೆಯಿದೆ. ಒಂದು ಪಟ್ಟಿಯ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಬದಿಗೆ ಬೆಸೆದು, ಆರಿದ ನಂತರ ವೈಸ್‌ನಲ್ಲಿ ಬಿಗಿದು, ನಿಂತ ಪಟ್ಟಿಯನ್ನು ಬೆಸುಗೆಯ ಕಡೆಗೇ ಬಾಗುವಂತೆ ಸುತ್ತಿಗೆಯಿಂದ ಬಡಿಯಬೇಕು. ಪಟ್ಟಿ ಬಾಗಿದರೂ ಬೆಸುಗೆ ಹಿಡಿದು ನಿಂತರೆ ಒಳ್ಳೆಯ ಲಕ್ಷಣ. ಮುರಿದರೆ ಬುಡದಲ್ಲಿ ಕರಗದ ಅಂಚು, ಕಿಟ್ಟದ ಗೆರೆ, ರಂಧ್ರಗಳಿವೆಯೇ ಎಂದು ನೋಡಬೇಕು. ಮುರಿದ ಪ್ರತಿ ತುಂಡೂ ಒಂದು ಪಾಠ.

ಸಂಜೆ ತಿಳಿಯುವ ಪೆಟ್ಟು

ಬೆಸುಗೆಯ ಅಪಾಯಗಳು ತಕ್ಷಣ ತಿಳಿಯುವುದಿಲ್ಲ. ಬರಿಗಣ್ಣಿನಿಂದ ಕಿಡಿ ನೋಡಿದವರಿಗೆ ಹಲವು ಗಂಟೆಗಳ ನಂತರ, ಬಹುಪಾಲು ರಾತ್ರಿ ವೇಳೆ, ಕಣ್ಣಿಗೆ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ನೇರಳಾತೀತ ಕಿರಣ ಕಣ್ಣಿನ ಹೊರಪದರವನ್ನು ಸುಟ್ಟಿರುತ್ತದೆ. ಆಲೂಗಡ್ಡೆ ಹೋಳು ಇದಕ್ಕೆ ಚಿಕಿತ್ಸೆಯಲ್ಲ; ವೈದ್ಯರ ಬಳಿ ಹೋಗಬೇಕು. ತಂಪು ಕನ್ನಡಕವೂ ರಕ್ಷಣೆಯಲ್ಲ. ಸುಮಾರು 10ನೇ ಶೇಡಿನ ಗಾಜುಳ್ಳ ಮುಖಕವಚ, ಚರ್ಮದ ಕೈಗವಸು, ಹತ್ತಿಯ ದಪ್ಪ ಬಟ್ಟೆ, ಮುಚ್ಚಿದ ಶೂ ಬೇಕೇಬೇಕು. ಕುತೂಹಲದಿಂದ ಸುತ್ತ ನಿಲ್ಲುವ ಮಕ್ಕಳನ್ನು ದೂರವಿಡಬೇಕು.

ಜಿಐ ಪೈಪಿನ ಸತುವಿನ ಹೊಗೆ ಉಸಿರಾಡಿದರೆ ಅಂದೇ ಸಂಜೆ ಚಳಿಜ್ವರ ಬರಬಹುದು. ಬೆಲ್ಲ ತಿಂದರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಬೆಸುಗೆಯ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಅಥವಾ ಪಕ್ಕ ಕೊಟ್ಟು, ಮುಖವನ್ನು ಹೊಗೆಯಿಂದ ಆಚೆ ಇಟ್ಟುಕೊಂಡು, ಸೂಕ್ತ ಮಾಸ್ಕ್ ಧರಿಸಿ ಕೆಲಸ ಮಾಡುವುದೇ ದಾರಿ.

ವಿದ್ಯುತ್ ವಿಷಯದಲ್ಲೂ ಎಚ್ಚರ ಅಗತ್ಯ. 100 ಆಂಪಿಯರ್ ಬೆಸುಗೆಗೆ ಯಂತ್ರ ಸುಮಾರು 3 ಕಿಲೋವಾಟ್ ಎಳೆಯುತ್ತದೆ. ಮನೆಯ ಸಾಧಾರಣ ಪ್ಲಗ್ಗು, ತೆಳು ವೈರು ಇದನ್ನು ತಾಳವು. 16 ಆಂಪಿಯರ್ ಸಾಕೆಟ್, ಎಂಸಿಬಿ, ಸರಿಯಾದ ಅರ್ಥಿಂಗ್ ಇರಬೇಕು. ಕೃಷಿ ಪಂಪ್‌ಸೆಟ್ ಸಂಪರ್ಕವನ್ನು ಇದಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ. ಒದ್ದೆ ನೆಲ, ಬರಿಗಾಲು ಸಲ್ಲದು.

ಹವ್ಯಾಸಕ್ಕೂ ಗಡಿಯಿದೆ

ಕೆಲವು ಕೆಲಸಗಳನ್ನು ಸ್ವಂತ ಕಲಿತವರು ಮುಟ್ಟಬಾರದು. ಎಣ್ಣೆ, ಡೀಸೆಲ್ ಅಥವಾ ಕೀಟನಾಶಕ ತುಂಬಿದ್ದ ಖಾಲಿ ಡ್ರಮ್ಮು, ಬೈಕಿನ ಟ್ಯಾಂಕು, ಗ್ಯಾಸ್ ಸಿಲಿಂಡರು ಸ್ಫೋಟಿಸಬಲ್ಲವು. ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ ರಸ್ತೆಯಲ್ಲಿ ಮುರಿದರೆ ಹೋಗುವುದು ಕೂಲಿಗೆ ಹೊರಟವರ ಜೀವ. ಇಂಥವನ್ನು ಪರಿಣತರಿಗೇ ಬಿಡುವುದು ಲೇಸು.

ಹವ್ಯಾಸವನ್ನು ವೃತ್ತಿಯಾಗಿಸುವ ಆಸೆಯುಳ್ಳವರಿಗೆ ಐಟಿಐಗಳಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿಯಿದೆ. 8ನೇ ತರಗತಿ ಪಾಸಾಗಿದ್ದರೆ ಸಾಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ಶಾಲೆಯ ಹೊರಗೆ ಕಲಿತ ಕೌಶಲವನ್ನೂ ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ತಂದಿತು.

ಅಷ್ಟು ದೂರ ಹೋಗದವರಿಗೂ ಕೆಲಸವಿದೆ. ಹೊಲದ ಕೊಳವೆಬಾವಿಯ ಕೇಸಿಂಗ್ ಪಿವಿಸಿಯಾಗಿದ್ದರೆ ಬೋಲ್ಟಿನ ಮುಚ್ಚಳವೇ ಸರಿ. ಕಬ್ಬಿಣದ್ದಾಗಿದ್ದರೆ ನಾಲ್ಕು ಕಡೆ ಟ್ಯಾಕ್ ಹಾಕಿ ಬಿಡದೆ, ತಟ್ಟೆಯ ಸುತ್ತಲೂ ಬಿಟ್ಟುಹೋಗದಂತೆ ಬೆಸೆಯಬೇಕು. ಗುಜರಿ ಪಟ್ಟಿಗಳನ್ನು ಬಡಿದು ಮುರಿದು ಕಲಿತ ಕೈಗೆ ಅದು ಕಷ್ಟವೇನಲ್ಲ.