ಹಳೆ ಕಾರಿಗೆ ಯಾಕಿಷ್ಟು ಪೆಟ್ರೋಲು?



ಈಗ ನಮ್ಮ ಹಳ್ಳಿಗಳಲ್ಲೂ ಕಾರುಗಳಿವೆ. ಎಷ್ಟೋ ಕಾರುಗಳು ಹೊಸವಲ್ಲ. ಪಟ್ಟಣದವರು ಓಡಿಸಿ ಮಾರಿದವು. ಅವುಗಳಲ್ಲಿ ಮಾರುತಿ 800 ಎಲ್ಲರಿಗೂ ಗೊತ್ತು. ಈ ಕಾರು ಮೊದಲು ರಸ್ತೆಗೆ ಬಂದದ್ದು 1983ರಲ್ಲಿ. ಅದರ ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಈಗ ಓಡುತ್ತಿರುವ ಮಾರುತಿ 800 ಎಲ್ಲವೂ ಹಳೆಯವೇ.

ಇಂಥ ಕಾರು ಕೊಂಡವರು ಹೇಳುವ ಮಾತು ಒಂದೇ. "ಕಾರು ಅಗ್ಗಕ್ಕೆ ಸಿಕ್ತು. ಪೆಟ್ರೋಲ್ ಹಾಕಿ ಹಾಕಿ ಸಾಕಾಯ್ತು."

ಕಾರು ಹಳೆಯದಾದರೆ ಹೆಚ್ಚು ಪೆಟ್ರೋಲ್ ಕುಡಿಯಲೇಬೇಕೆ? ಹಾಗೇನಿಲ್ಲ. ಹೆಚ್ಚು ಕುಡಿಯುತ್ತಿದ್ದರೆ ಅದಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣವನ್ನು ಹುಡುಕಬಹುದು. ಅದಕ್ಕೆ ಬೇಕಾದ ಮೊದಲ ಸಾಧನ ಪಾನಾ ಅಲ್ಲ. ಒಂದು ನೋಟ್ ಬುಕ್ಕು, ಒಂದು ಪೆನ್ನು. ಬನ್ನಿ, ಹೇಗೆ ಅಂತ ನೋಡೋಣ.

ಮೊದಲು ಅಳೆಯೋಣ

ಜ್ವರ ಬಂದಾಗ ಡಾಕ್ಟರು ಮೊದಲು ಥರ್ಮಾಮೀಟರ್ ಇಡುತ್ತಾರೆ. ಆಮೇಲೆ ಔಷಧಿ ಕೊಡುತ್ತಾರೆ. ಕಾರಿಗೂ ಹಾಗೆಯೇ. ಮೊದಲು ಮೈಲೇಜು ಅಳೆಯಬೇಕು.

1. ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ. ಪಂಪು ತಾನೇ ನಿಂತಾಗ ಸಾಕು ಎನ್ನಿ. ಕಾರಿನ ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಳ್ಳಿ. ಅದು 62,140 ಎಂದಿಟ್ಟುಕೊಳ್ಳೋಣ.

2. ದಿನವೂ ಓಡಿಸುವ ಹಾಗೆಯೇ ಓಡಿಸಿ.

3. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಪಂಪು ಸೊನ್ನೆಯಿಂದ ಶುರುವಾಗುವುದನ್ನು ನೋಡಿ. ಬಿಲ್ಲಿನಲ್ಲಿ 20 ಲೀಟರ್ ಇದೆ. ಮೀಟರಿನಲ್ಲಿ 62,380 ಇದೆ.

4. ಈಗ ಕಳೆಯಿರಿ. 62,380ರಲ್ಲಿ 62,140 ಕಳೆದರೆ 240. ಕಾರು ಓಡಿದ್ದು 240 ಕಿ.ಮೀ.

5. 240ನ್ನು 20ರಿಂದ ಭಾಗಿಸಿ. 12 ಬರುತ್ತದೆ. ನಿಮ್ಮ ಕಾರು ಲೀಟರಿಗೆ 12 ಕಿ.ಮೀ. ಕೊಡುತ್ತಿದೆ.

ಒಂದೇ ಸಲದ ಲೆಕ್ಕ ನಂಬಬೇಡಿ. ಎರಡು ಮೂರು ಸಲ ಅಳೆಯಿರಿ. ಒಳ್ಳೆ ಸ್ಥಿತಿಯಲ್ಲಿರುವ ಹಳೆ ಮಾರುತಿ 800 ಲೀಟರಿಗೆ 15 ಕಿ.ಮೀ. ಆಸುಪಾಸು ಓಡಬೇಕು.

12ಕ್ಕೂ 15ಕ್ಕೂ ಏನು ದೊಡ್ಡ ವ್ಯತ್ಯಾಸ ಅನ್ನಬೇಡಿ. ತಿಂಗಳಿಗೆ 600 ಕಿ.ಮೀ. ಓಡಿಸುತ್ತೀರಿ ಎಂದಿಟ್ಟುಕೊಳ್ಳೋಣ. 12 ಕೊಡುವ ಕಾರಿಗೆ 50 ಲೀಟರ್ ಬೇಕು. 15 ಕೊಡುವ ಕಾರಿಗೆ 40 ಲೀಟರ್ ಸಾಕು. ಲೆಕ್ಕ ಸುಲಭವಾಗಲಿ ಅಂತ ಲೀಟರಿಗೆ 100 ರೂಪಾಯಿ ಹಿಡಿಯೋಣ. ತಿಂಗಳಿಗೆ 1,000 ರೂಪಾಯಿ ಉಳಿಯಿತು. ವರ್ಷಕ್ಕೆ 12,000!

ಮೀಟರ್ ನಿಜ ಹೇಳುತ್ತಿದೆಯೇ?

ಹಳೆ ಕಾರಿನ ಮೀಟರ್ ಕೆಲವೊಮ್ಮೆ ತಪ್ಪು ತೋರಿಸುತ್ತದೆ. ಅದನ್ನು ಪರೀಕ್ಷೆ ಮಾಡುವುದು ಸುಲಭ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಓದಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ. ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ತಲೆ. ಕಲ್ಲಿನ ಲೆಕ್ಕದಲ್ಲಿ 10 ಕಿ.ಮೀ. ಹೋಗಿ. ಮೀಟರ್ ಕೂಡ 10 ತೋರಿಸಿದರೆ ಸರಿ. 8 ತೋರಿಸಿದರೆ ತಪ್ಪು ಮೀಟರಿನದು, ಎಂಜಿನ್ನಿನದಲ್ಲ.

ಖರ್ಚಿಲ್ಲದ ಪರೀಕ್ಷೆಗಳು

ಸೋರಿಕೆ: ಬೆಳಿಗ್ಗೆ ಕಾರಿನ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬರುತ್ತದೆಯೇ? ಕೆಳಗೆ ನೆಲ ಒದ್ದೆಯಾಗಿದೆಯೇ? ಹಳೆ ಕಾರಿನ ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು. ಸೋರಿಕೆ ಕಂಡರೆ ಕಾರು ಸ್ಟಾರ್ಟ್ ಮಾಡಬೇಡಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಮೆಕಾನಿಕನ್ನು ಅಲ್ಲಿಗೇ ಕರೆಸಿ.

ಟಯರಿನ ಗಾಳಿ: ಗಾಳಿ ಕಡಿಮೆ ಇರುವ ಸೈಕಲ್ ತುಳಿದವರಿಗೆ ಇದು ಗೊತ್ತು. ತುಳಿಯಲು ಹೆಚ್ಚು ಶಕ್ತಿ ಬೇಕು. ಕಾರಿಗೂ ಅಷ್ಟೇ. 15 ದಿನಕ್ಕೊಮ್ಮೆ ಗಾಳಿ ನೋಡಿಸಿ. ಟಯರ್ ತಣ್ಣಗಿದ್ದಾಗ ನೋಡಿಸಬೇಕು. ಎಷ್ಟು ಗಾಳಿ ಬೇಕು ಎಂಬುದು ಕಾರಿನ ಪುಸ್ತಕದಲ್ಲಿದೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ. ಟಯರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರಬಹುದು.

ಬ್ರೇಕು: ಹಳೆ ಕಾರಿನಲ್ಲಿ ಬ್ರೇಕು ಹಿಡಿದದ್ದು ಪೂರ್ತಿ ಬಿಡದೇ ಇರಬಹುದು. ಆಗ ಎಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕು ಹಿಂದಕ್ಕೆ ಹಿಡಿಯುತ್ತದೆ. ಸ್ವಲ್ಪ ದೂರ ಓಡಿಸಿ ಬನ್ನಿ. ಬ್ರೇಕನ್ನು ಕಡಿಮೆ ಬಳಸಿ. ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಸುಟ್ಟೀತು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕು ಹಿಡಿಯುತ್ತಿದೆ.

ಕಡಿಮೆ ಖರ್ಚಿನ ಪರೀಕ್ಷೆಗಳು

ಒಲೆಗೆ ಗಾಳಿ ಸಾಲದಿದ್ದರೆ ಏನಾಗುತ್ತದೆ? ಸೌದೆ ಸರಿಯಾಗಿ ಉರಿಯುವುದಿಲ್ಲ. ಮನೆಯೆಲ್ಲ ಹೊಗೆ. ಎಂಜಿನ್ನಿನ ಒಳಗೂ ಪೆಟ್ರೋಲ್ ಉರಿಯಲು ಗಾಳಿ ಬೇಕು, ಕಿಡಿ ಬೇಕು.

ಏರ್ ಫಿಲ್ಟರ್: ಎಂಜಿನ್ನಿಗೆ ಹೋಗುವ ಗಾಳಿಯನ್ನು ಇದು ಸೋಸುತ್ತದೆ. ಇದನ್ನು ತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಧೂಳು ತುಂಬಿದೆ. ಕಾರ್ಬುರೇಟರ್ ಇರುವ ಹಳೆ ಕಾರಿನಲ್ಲಿ ಇದರಿಂದ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಹೊಸ ಫಿಲ್ಟರ್ ಹಾಕಿಸಿ.

ಸ್ಪಾರ್ಕ್ ಪ್ಲಗ್ಗು: ಕಿಡಿ ಕೊಡುವುದು ಇದು. ಮಾರುತಿ 800ರಲ್ಲಿ ಮೂರು ಪ್ಲಗ್ಗು ಇವೆ. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿಸಿ, ತುದಿಯ ಬಣ್ಣ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಎಣ್ಣೆ ಎಣ್ಣೆಯಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಾತ್ರ ಬೇರೆ ಬಣ್ಣ ಇದ್ದರೆ ತೊಂದರೆ ಅಲ್ಲೇ ಇದೆ.

ಚೋಕು: ಚೋಕ್ ಗುಂಡಿ ಇರುವ ಕಾರಿನಲ್ಲಿ ಎಂಜಿನ್ ಬಿಸಿಯಾದ ಮೇಲೆ ಅದನ್ನು ಒಳಗೆ ತಳ್ಳಲೇಬೇಕು. ಮರೆತರೆ ಪೆಟ್ರೋಲ್ ಸುಮ್ಮನೆ ಹೋಗುತ್ತದೆ.

ಥರ್ಮೋಸ್ಟಾಟ್: ಎಂಜಿನ್ ಬೇಗ ಬಿಸಿಯಾಗಲು ಇದು ಬೇಕು. "ನಮ್ಮದು ಬಿಸಿಲ ನಾಡು, ಇದು ಯಾಕೆ" ಅಂತ ಕೆಲವರು ತೆಗೆಸಿಬಿಡುತ್ತಾರೆ. ಆಗ ಎಂಜಿನ್ ಬಿಸಿಯಾಗುವುದು ತಡ. ತಣ್ಣನೆ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ತೆಗೆದಿದ್ದರೆ ಮತ್ತೆ ಹಾಕಿಸಿ.

ಕಾರ್ಬುರೇಟರ್ ಇಲ್ಲದ ಕಾರುಗಳಲ್ಲಿ ಪೆಟ್ರೋಲನ್ನು ಒಂದು ಚಿಕ್ಕ ಕಂಪ್ಯೂಟರ್ ಅಳೆದು ಬಿಡುತ್ತದೆ. ಅಂಥ ಕಾರಿನಲ್ಲಿ ಎಂಜಿನ್ ಚಿತ್ರದ ದೀಪ ಉರಿಯುತ್ತಲೇ ಇದ್ದರೆ ಅಸಡ್ಡೆ ಮಾಡಬೇಡಿ. ಯಂತ್ರ ಇಟ್ಟು ಪರೀಕ್ಷೆ ಮಾಡುವ ಗ್ಯಾರೇಜಿಗೆ ಹೋಗಿ.

ಹೊಗೆಯನ್ನೂ ಓದಬಹುದು

ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಸೀಮೆಎಣ್ಣೆ ಬುಡ್ಡಿಯ ಬತ್ತಿ ಏರಿಸಿದ ಹಾಗೆ.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಒಳಗೆ ಸವೆದಿರಬಹುದು.

ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಆವಿ ಬಂದರೆ ಹೆದರಬೇಡಿ. ಬಿಳಿ ಹೊಗೆ ನಿಲ್ಲದೇ ಬಂದರೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ, ಕೂಡಲೇ ತೋರಿಸಿ.

ಪೆಟ್ರೋಲೂ ಬದಲಾಗಿದೆ

2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ಅನ್ನು ಕಬ್ಬು, ಜೋಳ, ಅಕ್ಕಿಯಂಥ ಬೆಳೆಗಳಿಂದ ಮಾಡುತ್ತಾರೆ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜು ಸ್ವಲ್ಪ ಇಳಿಯುತ್ತದೆ. 16 ಕೊಡುತ್ತಿದ್ದ ಹಳೆ ಕಾರು 15ಕ್ಕೆ ಬರಬಹುದು. ಆದರೆ 12ಕ್ಕೆ ಬಂದಿದ್ದರೆ ಬರೀ ಪೆಟ್ರೋಲನ್ನು ದೂರಬೇಡಿ. ಬೇರೆ ಕಾರಣವೂ ಇದೆ.

ಒಂದು ಮನೆಯ ಲೆಕ್ಕ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ಹಳೆ ಮಾರುತಿ ಇದೆ. ಅತ್ತೆಗೆ ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಹೋಗಿ ಬರಲು 60 ಕಿ.ಮೀ. ಕಾರು ನಿಲ್ಲಿಸುವ ಹಾಗಿಲ್ಲ. ಪೆಟ್ರೋಲಿಗೆ ದುಡ್ಡು ಸಾಲದು.

"ಮೇಷ್ಟ್ರೇ, ಎಂಜಿನ್ ಇಳಿಸಬೇಕು ಅಂತಾರೆ ಗ್ಯಾರೇಜಿನವರು. ಅಷ್ಟು ದುಡ್ಡು ಎಲ್ಲಿಂದ ತರೋದು?" ಅಂದರು.

"ಅಕ್ಕಾ, ಮೊದಲು ಬರೆದು ನೋಡೋಣ" ಅಂದೆವು.

ಅವರು ಲೆಕ್ಕ ಬರೆದರು. ಮೊದಲು ಬಂದದ್ದು 12. ಚಕ್ರ ನೋಡಿದಾಗ ಹಿಂದಿನ ಒಂದು ಚಕ್ರ ಬಿಸಿ ಇತ್ತು. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಅದನ್ನು ಬದಲಾಯಿಸಿದ ಮೇಲೆ 13 ಬಂತು. ಆಮೇಲೆ ಪ್ಲಗ್ಗು ನೋಡಿಸಿದರು. ಎರಡು ಕಂದು, ಒಂದು ಕಪ್ಪು. ಕಪ್ಪು ಪ್ಲಗ್ಗಿಗೆ ಹೋಗುವ ವೈರು ಸೀಳಿತ್ತು. ವೈರೂ ಪ್ಲಗ್ಗೂ ಹೊಸದು ಹಾಕಿಸಿದ ಮೇಲೆ 15 ಬಂತು. ಎಂಜಿನ್ ಇಳಿಸಲಿಲ್ಲ.

ಇದರಲ್ಲಿ ಒಂದು ಪಾಠ ಇದೆ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ. ಮತ್ತೆ ಅಳೆಯಿರಿ. ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಆದರೆ ಬ್ರೇಕು, ಸೋರಿಕೆಯಂಥ ಅಪಾಯದ ದೋಷ ಕಂಡರೆ ಕಾಯಬೇಡಿ.

ಎಲ್ಲ ಎಂಜಿನ್ನೂ ಹೀಗೆ ಉಳಿಯುತ್ತದೆ ಅಂತಲ್ಲ. ಕೆಲವು ನಿಜವಾಗಿಯೂ ಸವೆದಿರುತ್ತವೆ. ಅದಕ್ಕೂ ಪರೀಕ್ಷೆ ಇದೆ. ಅದರ ಹೆಸರು ಕಂಪ್ರೆಷನ್ ಪರೀಕ್ಷೆ. ಎಂಜಿನ್ ಇಳಿಸಲು ಒಪ್ಪುವ ಮೊದಲು ಈ ಪರೀಕ್ಷೆ ಮಾಡಿಸಿ. ಬಂದ ಅಂಕಿಗಳನ್ನು ಬರೆಸಿಕೊಳ್ಳಿ.

ಓಡಿಸುವ ಕ್ರಮ

ಕಾರು ನಿಂತಿರುವಾಗ ಎಂಜಿನ್ ಸುಮ್ಮನೆ ಓಡಬಾರದು. ಬೇಡದ ಭಾರ ಇಳಿಸಿ. ಮೇಲಿನ ಕ್ಯಾರಿಯರ್ ಬೇಡವಾದರೆ ಬಿಚ್ಚಿಡಿ, ಅದು ಗಾಳಿಗೆ ಅಡ್ಡ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಪೆಟ್ರೋಲ್ ಉಳಿಸಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳಬಾರದು. ಗೇರಿನಲ್ಲೇ ಇಳಿಯಿರಿ.

ನೀವೇ ಮಾಡಿ ನೋಡಿ

ನೋಟ್ ಬುಕ್ಕಿನಲ್ಲಿ ಐದು ಮನೆ ಗೆರೆ ಹಾಕಿ. ತಾರೀಕು, ಮೀಟರ್, ಲೀಟರ್, ಮೈಲೇಜು, ಮಾಡಿಸಿದ ರಿಪೇರಿ ಎಂದು ಬರೆಯಿರಿ. ಪುಸ್ತಕವನ್ನು ಕಾರಿನಲ್ಲೇ ಇಡಿ. ಗ್ಯಾರೇಜಿಗೆ ಹೋದಾಗ ಅದನ್ನು ತೋರಿಸಿ. ಬರೆದ ಲೆಕ್ಕ ಇದ್ದರೆ ಮೆಕಾನಿಕನಿಗೂ ದೋಷ ಹುಡುಕುವುದು ಸುಲಭ.

ಈ ಲೆಕ್ಕ ಮಾಡಿ: ಮೊದಲು ಮೀಟರ್ 41,500. ಆಮೇಲೆ 41,780. ಹಾಕಿದ ಪೆಟ್ರೋಲ್ 20 ಲೀಟರ್. ಕಾರು ಲೀಟರಿಗೆ ಎಷ್ಟು ಓಡಿತು?

(ಉತ್ತರ: ಓಡಿದ್ದು 280 ಕಿ.ಮೀ. ಲೀಟರಿಗೆ 14 ಕಿ.ಮೀ.)