ಬಳಪ, ಟಾಲ್ಕಂ ಮತ್ತು ಸೋಮನಾಥಪುರದ ಕಲ್ಲು

ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಏನು ಓದಿದರೂ ‘ಸೋಪ್‌ಸ್ಟೋನ್’ ಎಂಬ ಮಾತು ಎದುರಾಗುತ್ತದೆ. ನಮ್ಮಲ್ಲಿ ಅದಕ್ಕೆ ಬಳಪದ ಕಲ್ಲು ಎಂಬ ಚೆಂದದ ಹೆಸರಿದೆ. ಗುಡಿಯ ಫಲಕಗಳ ಮೇಲೂ ಆ ಹೆಸರೇ ಇರಬೇಕೆಂಬುದು ನನ್ನ ಆಸೆ. ಬಳಪದ ಕಲ್ಲಿಗೆ ಆ ನುಣುಪು ಕೊಡುವ ಖನಿಜ ಟಾಲ್ಕ್. ಸ್ನಾನವಾದ ಮೇಲೆ ಮೈಗೆ ಹಾಕಿಕೊಳ್ಳುವ ಟಾಲ್ಕಂ ಪೌಡರ್ ಅದರದೇ ಪುಡಿ.

‘ಟಾಲ್ಕ್’ ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ. ಅರಬ್ಬಿಯ ‘ತಲ್ಕ್’ ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಟಾಲ್ಕಂ’ ಆಗಿ, ಅಲ್ಲಿಂದ ಯುರೋಪಿನ ನುಡಿಗಳಿಗೆ ಹರಡಿತು. ಆಗ ಅದರ ಅರ್ಥ ಬಲು ಸಡಿಲ. ಹೊಳೆಯುತ್ತ ಪದರು ಪದರಾಗಿ ಬಿಡಿಸಿಕೊಳ್ಳುವ ಅಭ್ರಕಕ್ಕೂ ಅದೇ ಹೆಸರು. ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ ತಿರುಚಿನಾಪಳ್ಳಿ, ಪಟ್ನಾ, ಮುರ್ಷಿದಾಬಾದಿನ ಕಲಾವಿದರು ಅಭ್ರಕದ ಹಾಳೆಗಳ ಮೇಲೆ ಬರೆದ ಚಿತ್ರಗಳನ್ನು ಇಂಗ್ಲಿಷರು ಟಾಲ್ಕ್ ಚಿತ್ರಗಳೆಂದೇ ಕರೆದರು. ಇನ್ನು ದರ್ಜಿಗಳ ‘ಫ್ರೆಂಚ್ ಚಾಕ್’ ಹೆಸರಿಗಷ್ಟೇ ಸೀಮೆಸುಣ್ಣ, ನಿಜದಲ್ಲಿ ಟಾಲ್ಕ್.

ಖನಿಜಶಾಸ್ತ್ರ ಬೆಳೆದಂತೆ ಈ ಹೆಸರು ಒಂದೇ ವಸ್ತುವಿಗೆ, ನೀರಿನಂಶವುಳ್ಳ ಮೆಗ್ನೀಸಿಯಂ ಸಿಲಿಕೇಟಿಗೆ, ನಿಂತಿತು. ಅದರ ಅಣುರಚನೆಯಲ್ಲಿ ಎರಡು ಸಿಲಿಕೇಟ್ ಹಾಳೆಗಳ ನಡುವೆ ಮೆಗ್ನೀಸಿಯಂ ಹಾಳೆಯೊಂದು ಬಿಗಿಯಾಗಿ ಸೇರಿ ಒಂದು ಪದರವಾಗುತ್ತದೆ. ಇಂಥ ಪದರಗಳಿಗೆ ವಿದ್ಯುದಾವೇಶವಿಲ್ಲ. ಹಾಗಾಗಿ ಒಂದಕ್ಕೊಂದರ ಹಿಡಿತ ತೀರ ದುರ್ಬಲ. ಬೆರಳು ಒತ್ತಿದರೆ ಸಾಕು, ಇಸ್ಪೀಟ್ ಎಲೆಗಳ ಹಾಗೆ ಜಾರುತ್ತವೆ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪನದಲ್ಲಿ ವಜ್ರದ್ದು 10, ಟಾಲ್ಕಿನದು 1.

ಈ ಜಾರುವಿಕೆಯಿಂದಲೇ ಬಳಪ ಬರೆಯುತ್ತದೆ. ಇದ್ದಿಲು, ಹುಣಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತಗಳಲ್ಲಿ ನಮ್ಮ ಹಿರಿಯರು ಲೆಕ್ಕಪತ್ರ ಬರೆದದ್ದು ಇದರಿಂದಲೇ. ಕಚೇರಿಯ ಫೈಲಿಗೆ ಇಂದಿಗೂ ನಾವು ಕಡತ ಎನ್ನುತ್ತೇವೆ.

ಸೋಮನಾಥಪುರದಲ್ಲಿ ಹೊಯ್ಸಳರು ಬಳಸಿದ ಕಲ್ಲು ಅಪ್ಪಟ ಟಾಲ್ಕ್ ಅಲ್ಲ. ಅದು ಕ್ಲೋರೈಟ್ ಬೆರೆತ ಪದರಶಿಲೆ. ಹಸಿರು ಛಾಯೆ ಕ್ಲೋರೈಟಿನದು. ಅದೂ ಮಿದು ಖನಿಜವೇ, ಗಡಸುತನ ಸುಮಾರು 2ರಿಂದ 2.5. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಅಂಶಕ್ಕೆ 7. 13ನೇ ಶತಮಾನದಲ್ಲಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕೇಶವನ ಗುಡಿ ಕಟ್ಟಿಸಿದಾಗ ಮಲ್ಲಿತಮ್ಮನಂಥ ಶಿಲ್ಪಿಗಳು ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೊರೆಯಲು, ಕಂಬಗಳಿಗೆ ಕಡೆದಂಥ ದುಂಡನೆಯ ನುಣುಪು ಕೊಡಲು ಈ ಮಿದುತನ ಒದಗಿಬಂತು. ಶಿಲ್ಪಗಳ ಕೆಳಗೆ ಮಲ್ಲಿತಮ್ಮ ಕೊರೆದ ತನ್ನ ಹೆಸರನ್ನು ಇಂದಿಗೂ ಓದಬಹುದು.